ಔಷಧ ನೀಡುವವರ ನಿರಂತರ ಶಿಕ್ಷಣ: ಪೀಣ್ಯದ ಉದ್ಯಮಗಳಿಗೇನು ಸಂಬಂಧ?

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಐವತ್ತು ಮಂದಿಗೆ ಉದ್ಯೋಗ ನೀಡಿರುವ ಸಣ್ಣ ಘಟಕವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಲಾ ಮಾಸಿಕ ವೇತನ 20,000 ರೂ. ಎಂದಿಟ್ಟುಕೊಂಡರೆ, 2019ರ ಜುಲೈ 1ರಿಂದ ಜಾರಿಗೆ ಬಂದ ದರದಂತೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ (ಇ.ಎಸ್.ಐ.) ಮಾಲೀಕರ ಪಾಲು ಶೇ. 3.25, ಕಾರ್ಮಿಕರ ಪಾಲು ಶೇ. 0.75. ಇವೆರಡೂ ಸೇರಿ ತಲಾ 800 ರೂ., ಐವತ್ತು ಮಂದಿಗೆ ತಿಂಗಳಿಗೆ 40,000 ರೂ., ವರ್ಷಕ್ಕೆ 4.80 ಲಕ್ಷ ರೂ. ಆಗುತ್ತದೆ. ಘಟಕದ ಲೆಕ್ಕಪತ್ರದಲ್ಲಿ ಇದು ಗಮನಾರ್ಹ ವೆಚ್ಚ.

ಈ ಹಣ ಇ.ಎಸ್.ಐ. ಚಿಕಿತ್ಸಾಲಯಗಳಲ್ಲಿ, ಪೀಣ್ಯ ಮತ್ತು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ರೂಪದಲ್ಲಿ ಕಾರ್ಮಿಕರಿಗೆ ಹಿಂದಿರುಗುತ್ತದೆ. ವೈದ್ಯರು ಚೀಟಿ ಬರೆದುಕೊಟ್ಟ ಬಳಿಕ ಕಾರ್ಮಿಕನು ಕೊನೆಯದಾಗಿ ನಿಲ್ಲುವುದು ಔಷಧ ವಿತರಣಾ ಕಿಟಕಿಯ ಮುಂದೆ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ನಂತರವೋ ಎಂಬ ವಿವರ ಅವನಿಗೆ ತಿಳಿಯಬೇಕಾದದ್ದು ಅಲ್ಲಿ. ಕಿಟಕಿಯ ಒಳಗಿರುವ ಫಾರ್ಮಾಸಿಸ್ಟರ ಓದು ಎಷ್ಟು ಹೊಸತಾಗಿದೆ ಎಂಬ ಪ್ರಶ್ನೆ ಆಸ್ಪತ್ರೆಯ ಆಡಳಿತಕ್ಕೆ ಮಾತ್ರ ಸೇರಿದ್ದೆಂದು ಉದ್ಯಮಿಗಳು ಭಾವಿಸುವುದು ಸಹಜ. ಆದರೆ ಅದರ ಫಲ ಮರುದಿನ ಕಾಣುವುದು ಕಾರ್ಖಾನೆಯ ಯಂತ್ರದ ಬಳಿಯಲ್ಲಿ.

ಕಾನೂನು ಏನು ಹೇಳುತ್ತದೆ?

ಫಾರ್ಮಸಿ ಕಾಯ್ದೆ, 1948ರ 42ನೇ ಪ್ರಕರಣದಂತೆ, ವೈದ್ಯರ ಚೀಟಿಯ ಮೇಲೆ ಔಷಧ ಸಿದ್ಧಪಡಿಸಿ ನೀಡುವ ಅಧಿಕಾರ ನೋಂದಾಯಿತ ಫಾರ್ಮಾಸಿಸ್ಟರಿಗೆ ಮಾತ್ರ ಇದೆ. ಉಲ್ಲಂಘನೆಗೆ ಮೊದಲಿದ್ದ ದಂಡದ ಗರಿಷ್ಠ ಮಿತಿ 1,000 ರೂ. ಮಾತ್ರ. ಜನ ವಿಶ್ವಾಸ ಕಾಯ್ದೆ, 2023ರ ತಿದ್ದುಪಡಿಯು ಇದನ್ನು 2 ಲಕ್ಷ ರೂ.ವರೆಗೆ ಏರಿಸಿದ್ದು, ಮೂರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಚಿಲ್ಲರೆ ಔಷಧ ಮಳಿಗೆಗಳು ನೋಂದಾಯಿತ ಫಾರ್ಮಾಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲಿಯೇ ಚೀಟಿಯ ಔಷಧ ನೀಡಬೇಕೆಂದು ಔಷಧ ನಿಯಮಗಳು, 1945ರ 65ನೇ ನಿಯಮವೂ ವಿಧಿಸುತ್ತದೆ.

ನಿರಂತರ ಶಿಕ್ಷಣದ ವಿಷಯ ಸ್ಪಷ್ಟ ರೂಪದಲ್ಲಿ ಬಂದದ್ದು ಭಾರತೀಯ ಫಾರ್ಮಸಿ ಪರಿಷತ್ತಿನ ಫಾರ್ಮಸಿ ವೃತ್ತಿ ನಿಯಮಾವಳಿ, 2015ರಲ್ಲಿ. ಇದರಂತೆ ನೋಂದಣಿ ನವೀಕರಣಕ್ಕಾಗಿ ಪ್ರತಿ ಫಾರ್ಮಾಸಿಸ್ಟರೂ ಐದು ವರ್ಷಗಳ ಅವಧಿಯಲ್ಲಿ ತಲಾ ಒಂದು ದಿನದ ಕನಿಷ್ಠ ಎರಡು ಪುನಶ್ಚೇತನ ತರಬೇತಿಗಳಿಗೆ ಹಾಜರಾಗತಕ್ಕದ್ದು. ರಾಜ್ಯದಲ್ಲಿ ನೋಂದಣಿ ಮಾಡುವ ಸಂಸ್ಥೆ ಬೆಂಗಳೂರಿನ ವಿಜಯನಗರದಲ್ಲಿರುವ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು.

ಐದು ವರ್ಷಗಳಲ್ಲಿ ಎರಡು ದಿನ ಎಂಬುದು ತೀರಾ ಕನಿಷ್ಠ ಮಿತಿ. ಹೋಲಿಕೆಗಾಗಿ ಹೇಳುವುದಾದರೆ, ಅಮೆರಿಕದ ಅನೇಕ ರಾಜ್ಯಗಳಲ್ಲಿ ಫಾರ್ಮಾಸಿಸ್ಟರು ಎರಡು ವರ್ಷಕ್ಕೊಮ್ಮೆ 30 ಗಂಟೆಗಳ ಶಿಕ್ಷಣ ಪಡೆಯಬೇಕು. ಅಲ್ಲಿನ ರಾಷ್ಟ್ರೀಯ ಪ್ರಮಾಣಪತ್ರ ಹೊಂದಿದ ಫಾರ್ಮಸಿ ಟೆಕ್ನಿಷಿಯನ್‌ಗಳಿಗೂ ಎರಡು ವರ್ಷಕ್ಕೆ 20 ಗಂಟೆಗಳ ಕಡ್ಡಾಯವಿದೆ. ಭಾರತದಲ್ಲಿ ಟೆಕ್ನಿಷಿಯನ್ ಎಂಬ ಪ್ರತ್ಯೇಕ ನೋಂದಾಯಿತ ವರ್ಗ ಫಾರ್ಮಸಿ ಕಾಯ್ದೆಯಲ್ಲಿಲ್ಲ. ಪೆಟ್ಟಿಗೆ ಬಿಚ್ಚುವ, ಕಪಾಟು ಜೋಡಿಸುವ, ವಾರ್ಡುಗಳಿಗೆ ಔಷಧ ಒಯ್ಯುವ ಸಹಾಯಕರಿಗೆ ಈ ನಿಯಮಾವಳಿಯ ತರಬೇತಿ ಅನ್ವಯಿಸುವುದಿಲ್ಲ. ಅವರಿಗೆ ಕಲಿಸುವ ಹೊಣೆ ಸಂಪೂರ್ಣವಾಗಿ ಆಸ್ಪತ್ರೆಯದು.

ಕಲಿತದ್ದು ಹಳತಾಗುವುದು ಹೇಗೆ?

1991ರ ಶಿಕ್ಷಣ ನಿಯಮಾವಳಿಯಡಿ ಡಿ.ಫಾರ್ಮ್ ಓದಿದವರು ಎರಡು ವರ್ಷಗಳ ವ್ಯಾಸಂಗದ ಜೊತೆಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆದಿರುತ್ತಾರೆ. ತಳಹದಿ ಗಟ್ಟಿಯಾಗಿಯೇ ಇದೆ. ಆದರೆ 1995ರಲ್ಲಿ ಡಿಪ್ಲೊಮಾ ಪಡೆದವರು ಓದುವಾಗ ಅನುಸೂಚಿ ಎಚ್-1 ಇರಲಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಈ ಅನುಸೂಚಿಯಲ್ಲಿರುವ ಪ್ರಬಲ ಪ್ರತಿಜೀವಕಗಳು, ಕ್ಷಯರೋಗದ ಔಷಧಗಳು ಮುಂತಾದವನ್ನು ನೀಡಿದಾಗ ವೈದ್ಯರ ಮತ್ತು ರೋಗಿಯ ಹೆಸರು, ಔಷಧ, ಪ್ರಮಾಣ ಇವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು.

2016ರ ಮಾರ್ಚ್‌ನಲ್ಲಿ 344 ಹಾಗೂ 2024ರ ಆಗಸ್ಟ್‌ನಲ್ಲಿ 156 ಸಂಯುಕ್ತ ಔಷಧಗಳ ಮೇಲೆ ಕೇಂದ್ರ ಸರ್ಕಾರ ನಿಷೇಧದ ಆದೇಶ ಹೊರಡಿಸಿತು. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಔಷಧ ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಸಂಕೇತ ಕಡ್ಡಾಯವಾಯಿತು. ಇವೆಲ್ಲವೂ ಪಠ್ಯಪುಸ್ತಕ ಮುಚ್ಚಿದ ಮೇಲೆ ಬಂದ ಬದಲಾವಣೆಗಳು. ಆದೇಶ ಹೊರಟ ದಿನವೇ ಅದು ಕಪಾಟಿನವರೆಗೆ ತಲುಪಬೇಕಾದರೆ, ಕಪಾಟಿನ ಮುಂದೆ ನಿಂತವರಿಗೆ ಹೊಸದನ್ನು ಓದುವ ಅಭ್ಯಾಸವಿರಬೇಕು.

ಸಣ್ಣ ವ್ಯತ್ಯಾಸ, ದೊಡ್ಡ ಅಪಾಯ

ಇನ್ಸುಲಿನ್‌ನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಭಾರತದಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯದು. 100 ಯೂನಿಟ್ ಸಾಂದ್ರತೆಯದೂ ಮಾರುಕಟ್ಟೆಯಲ್ಲಿದೆ. ಎರಡಕ್ಕೂ ಸಿರಿಂಜು ಬೇರೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ವೈದ್ಯರು 20 ಯೂನಿಟ್ ಎಂದು ಬರೆದಿದ್ದಾರೆಂದು ಭಾವಿಸೋಣ. 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು ಅರ್ಧ ಮಿಲಿಲೀಟರ್. ಒಳಗಿರುವುದು 100ರ ಇನ್ಸುಲಿನ್ ಆಗಿದ್ದರೆ ಆ ಅರ್ಧ ಮಿಲಿಲೀಟರಿನಲ್ಲಿ ಇರುವುದು 50 ಯೂನಿಟ್, ಅಂದರೆ ಬರೆದುಕೊಟ್ಟದ್ದರ ಎರಡೂವರೆ ಪಟ್ಟು. ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಸಿರಿಂಜು ಅದಲುಬದಲಾದರೆ ಔಷಧ ಕಡಿಮೆಯಾಗಿ ಸಕ್ಕರೆ ಹತೋಟಿಗೆ ಬಾರದು. ಈ ಲೆಕ್ಕವನ್ನು ಹತ್ತು ನಿಮಿಷಗಳಲ್ಲಿ ಸಹಾಯಕರಿಗೂ ಕಲಿಸಬಹುದು.

ಮೆಥೊಟ್ರೆಕ್ಸೇಟ್ ಇನ್ನೊಂದು ಉದಾಹರಣೆ. ಕೀಲುವಾತ ಹಾಗೂ ಸೋರಿಯಾಸಿಸ್‌ಗೆ ಇದನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ನೀಡಲಾಗುತ್ತದೆ. ರೋಗಿಯು ದಿನವೂ ನುಂಗಿದರೆ ಅದೇ ವಿಷವಾಗುತ್ತದೆ. "ವಾರಕ್ಕೆ ಒಂದು ದಿನ ಮಾತ್ರ, ಸೋಮವಾರ" ಎಂದು ದಿನದ ಹೆಸರು ಹೇಳಿ, ಲಕೋಟೆಯ ಮೇಲೆ ಕನ್ನಡದಲ್ಲಿ ಬರೆದುಕೊಡುವುದು ತರಬೇತಿ ಪಡೆದವರ ರೂಢಿ.

ಕೈಗಾರಿಕಾ ಪ್ರದೇಶಕ್ಕೆ ಹೆಚ್ಚು ಹತ್ತಿರದ ವಿಷಯವೆಂದರೆ ನೆಗಡಿ ಮಾತ್ರೆ. ಕ್ಲೋರ್‌ಫೆನಿರಮಿನ್‌ನಂಥ ಔಷಧವಿರುವ ಮಾತ್ರೆಗಳು ಮಂಪರು ತರುತ್ತವೆ. ಮನೆಯಲ್ಲಿ ಮಲಗುವವರಿಗೆ ಇದು ತೊಂದರೆಯಲ್ಲ. ರಾತ್ರಿ ಪಾಳಿಯಲ್ಲಿ ಪವರ್ ಪ್ರೆಸ್ ನಡೆಸುವವನಿಗೆ ಬೆರಳು ಕಳೆದುಕೊಳ್ಳುವ ಅಪಾಯ. ಹಾಗೆಯೇ ಸಕ್ಕರೆ ಕಾಯಿಲೆಯಿರುವ ಕಾರ್ಮಿಕನ ಪಾಳಿ ಬದಲಾದಾಗ ಊಟದ ಹೊತ್ತೂ ಬದಲಾಗುತ್ತದೆ, ಔಷಧದ ಹೊತ್ತನ್ನು ವೈದ್ಯರೊಡನೆ ಮರುನಿಗದಿ ಮಾಡಬೇಕಾಗುತ್ತದೆ. "ಯಾವ ಕೆಲಸ? ಯಾವ ಪಾಳಿ?" ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಪೀಣ್ಯದ ಫಾರ್ಮಾಸಿಸ್ಟರಿಗೆ ಕಲಿಸುವುದು ಯಾವ ಪಠ್ಯಕ್ರಮಕ್ಕಿಂತಲೂ ಕಡಿಮೆಯದಲ್ಲ.

ತಯಾರಕರಿಗೂ ಇದು ಬೇಕು

ಪೀಣ್ಯಕ್ಕೂ ಔಷಧ ತಯಾರಿಕೆಗೂ ಹಳೆಯ ನಂಟಿದೆ. 1981ರಲ್ಲಿ ಸ್ಥಾಪನೆಯಾದ, ಸಾರ್ವಜನಿಕ ವಲಯದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯ ಕಾರ್ಖಾನೆ ಇಲ್ಲಿಯೇ ಇದೆ. ಔಷಧ ತಯಾರಕರಿಗೆ ಅನ್ವಯಿಸುವ ಪರಿಷ್ಕೃತ ಅನುಸೂಚಿ ಎಂ 2023ರ ಡಿಸೆಂಬರ್‌ನಲ್ಲಿ ಹೊರಬಿದ್ದಿತು. ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಇದರ ಪಾಲನೆಯ ಗಡುವನ್ನು 2025ರ ಡಿಸೆಂಬರ್ 31ರವರೆಗೆ ವಿಸ್ತರಿಸಲಾಗಿತ್ತು. ನೌಕರರಿಗೆ ಲಿಖಿತ ಕಾರ್ಯಕ್ರಮದಂತೆ ನಿರಂತರ ತರಬೇತಿ, ಅದರ ದಾಖಲೆ ಮತ್ತು ಪರಿಣಾಮದ ಪರಿಶೀಲನೆ ಇವು ಅದರ ಅಂಗಗಳು. ಕಾರ್ಖಾನೆಯಲ್ಲಿ ಇಷ್ಟು ಕಟ್ಟುನಿಟ್ಟಿನಿಂದ ತಯಾರಾದ ಚುಚ್ಚುಮದ್ದು ಆಸ್ಪತ್ರೆಯ ಉಗ್ರಾಣದಲ್ಲಿ ಸರಿಯಾದ ಉಷ್ಣಾಂಶವಿಲ್ಲದೆ ಕೆಟ್ಟರೆ, ಅಲ್ಲಿಯವರೆಗಿನ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಇನ್ಸುಲಿನ್, ಲಸಿಕೆ ಮೊದಲಾದವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು ಎಂಬುದು ಸಗಟು ವ್ಯಾಪಾರಿಯ ಗುಮಾಸ್ತನಿಂದ ಹಿಡಿದು ವಾರ್ಡಿನ ಸಹಾಯಕನವರೆಗೆ ಎಲ್ಲರಿಗೂ ತಿಳಿದಿರಬೇಕು.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರ ಸರಣಿ ಸಾವು ಸಂಭವಿಸಿದಾಗ, ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟ ರಾಜ್ಯದಾದ್ಯಂತ ಚರ್ಚೆಗೆ ಒಳಗಾಯಿತು. ಇಂಥ ಸಂದರ್ಭದಲ್ಲಿ ಮೊದಲ ಕ್ಷಣದ ಕೆಲಸ ಆಸ್ಪತ್ರೆಯ ಫಾರ್ಮಸಿಯದು. ಯಾವ ಬ್ಯಾಚಿನ ಬಾಟಲಿ ಯಾವ ವಾರ್ಡಿಗೆ ಹೋಗಿದೆ ಎಂದು ಗುರುತಿಸಬೇಕು, ಉಳಿದವನ್ನು ಬೇರ್ಪಡಿಸಿ ಮುದ್ರೆ ಹಾಕಬೇಕು, ಔಷಧ ನಿಯಂತ್ರಣ ಅಧಿಕಾರಿಗಳಿಗೆ ತಿಳಿಸಬೇಕು. ಬ್ಯಾಚ್ ಸಂಖ್ಯೆ ಬರೆದಿಡುವ ಅಭ್ಯಾಸವಿಲ್ಲದ ಕಡೆ ಇವು ಯಾವುವೂ ಸಾಧ್ಯವಾಗುವುದಿಲ್ಲ. ಪ್ರಾಮಾಣಿಕ ತಯಾರಕನಿಗೂ ಇದೇ ದಾಖಲೆ ರಕ್ಷೆ, ಏಕೆಂದರೆ ದೋಷ ಕಾರ್ಖಾನೆಯದೋ ಸಾಗಣೆಯದೋ ಉಗ್ರಾಣದ್ದೋ ಎಂದು ಬಿಡಿಸಿ ನೋಡಲು ಬೇರೆ ದಾರಿಯಿಲ್ಲ.

ಔಷಧದ ಅಡ್ಡಪರಿಣಾಮಗಳನ್ನು ವರದಿ ಮಾಡಲು 2010ರಲ್ಲಿ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮ ಆರಂಭವಾಯಿತು. ಇದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿದ್ದು, ಶುಲ್ಕರಹಿತ ಸಹಾಯವಾಣಿ 1800-180-3024. ವೈದ್ಯರಷ್ಟೇ ಅಲ್ಲದೆ ಫಾರ್ಮಾಸಿಸ್ಟರೂ ದಾದಿಯರೂ ವರದಿ ಸಲ್ಲಿಸಬಹುದು. ನಮೂನೆ ತುಂಬುವುದನ್ನು ಒಮ್ಮೆ ಕೈಹಿಡಿದು ಕಲಿಸಿದರೆ ಸಾಕು.

ರಾಜ್ಯದಲ್ಲಿರುವ ಅನುಕೂಲ

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದಿಲ್ಲ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲಿಯೇ ಆಸ್ಪತ್ರೆಯ ವಾರ್ಡುಗಳಲ್ಲಿ ಫಾರ್ಮಾಸಿಸ್ಟರನ್ನು ತರಬೇತುಗೊಳಿಸುವ ಸ್ನಾತಕೋತ್ತರ ವ್ಯಾಸಂಗ ಆರಂಭಿಸಿ, ದೇಶದಲ್ಲಿ ಈ ಶಾಖೆಯ ಮೊದಲಿಗರ ಸಾಲಿನಲ್ಲಿ ನಿಂತಿತು. ವಾರ್ಡಿನ ಕೆಲಸಕ್ಕೆಂದೇ ರೂಪಿಸಿದ ಆರು ವರ್ಷಗಳ ಫಾರ್ಮ್.ಡಿ. ಪದವಿಯನ್ನು ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ಜಾರಿಗೆ ತಂದಿತು. ಬೆಂಗಳೂರಿನಲ್ಲಿ ಸರ್ಕಾರಿ ಫಾರ್ಮಸಿ ಕಾಲೇಜು ಹಾಗೂ ಅನೇಕ ಖಾಸಗಿ ಕಾಲೇಜುಗಳಿವೆ. ರಾಜ್ಯ ಫಾರ್ಮಸಿ ಪರಿಷತ್ತು ತನ್ನದೇ ಔಷಧ ಮಾಹಿತಿ ಕೇಂದ್ರವನ್ನು ಹೊಂದಿದೆ. ಕಲಿಸುವವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಕಲಿಯಲು ಬಿಡುವು ಸಿಗುವುದರಲ್ಲಿ. ಒಬ್ಬರೇ ಫಾರ್ಮಾಸಿಸ್ಟರಿರುವ ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವರು ಒಂದು ದಿನ ಹೊರಗೆ ಹೋದರೆ ಕಿಟಕಿ ಮುಚ್ಚಬೇಕು, ಇಲ್ಲವೇ ಕಾನೂನು ಮೀರಬೇಕು. ಹೀಗಾಗಿ ತರಬೇತಿಯು ನವೀಕರಣದ ವರ್ಷದಲ್ಲಿ ಅವಸರದಿಂದ ಪಡೆಯುವ ಪ್ರಮಾಣಪತ್ರವಾಗಿ ಉಳಿಯುತ್ತದೆ.

ಉದ್ಯಮಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಔಷಧ ಮಳಿಗೆ, ನರ್ಸಿಂಗ್ ಹೋಮ್ ಅಥವಾ ಕಾರ್ಖಾನೆಯ ಆರೋಗ್ಯ ಕೇಂದ್ರ ನಡೆಸುವವರು ಫಾರ್ಮಾಸಿಸ್ಟರ ನೋಂದಣಿ ನವೀಕರಣದ ದಿನಾಂಕವನ್ನು ಇತರ ಪರವಾನಗಿಗಳ ದಿನಾಂಕಗಳೊಂದಿಗೆ ಒಂದೇ ವಹಿಯಲ್ಲಿ ಇಡುವುದು.

2. ಪುನಶ್ಚೇತನ ತರಬೇತಿಯ ದಿನವನ್ನು ವೇತನಸಹಿತ ಕರ್ತವ್ಯದ ದಿನವೆಂದು ಪರಿಗಣಿಸುವುದು. ನೆರೆಯ ನಾಲ್ಕೈದು ಸಣ್ಣ ಆಸ್ಪತ್ರೆಗಳು ಸೇರಿ ಒಬ್ಬ ಬದಲಿ ನೋಂದಾಯಿತ ಫಾರ್ಮಾಸಿಸ್ಟರನ್ನು ಗೊತ್ತುಮಾಡಿಕೊಂಡರೆ ವೆಚ್ಚ ಹಂಚಿಹೋಗುತ್ತದೆ.

3. ವಾರಕ್ಕೊಮ್ಮೆ ಅರ್ಧ ಗಂಟೆ, ಒಂದೇ ವಿಷಯದ ಮೇಲೆ ಒಳಗಿನ ಪಾಠ ನಡೆಸುವುದು. ಒಂದು ವಾರ ಇನ್ಸುಲಿನ್, ಮತ್ತೊಂದು ವಾರ ಹೆಸರಿನಲ್ಲಿ ಹೋಲಿಕೆಯಿರುವ ಔಷಧಗಳು, ಇನ್ನೊಂದು ವಾರ ಶೀತಪೆಟ್ಟಿಗೆಯ ಉಷ್ಣಾಂಶ ದಾಖಲೆ. ಸಹಾಯಕರೂ ಕಡ್ಡಾಯವಾಗಿ ಹಾಜರಿರಬೇಕು. ವರ್ಷಕ್ಕೆ ಐವತ್ತು ವಾರ ನಡೆದರೂ 25 ಗಂಟೆಗಳ ಶಿಕ್ಷಣವಾಗುತ್ತದೆ.

4. ಆಸ್ಪತ್ರೆಗೆ ಹೋಗುವ ಕಾರ್ಮಿಕನ ಕೈಯಲ್ಲಿ ಅವನ ಕೆಲಸ, ಯಂತ್ರ ಮತ್ತು ಪಾಳಿ ನಮೂದಿಸಿದ ಒಂದು ಚೀಟಿ ಕೊಡುವುದು. ಇದಕ್ಕೆ ತಗಲುವ ವೆಚ್ಚ ಕಾಗದದ್ದು ಮಾತ್ರ.

5. ಪೀಣ್ಯದ ಕೈಗಾರಿಕಾ ಸಂಘಸಂಸ್ಥೆಗಳು ರಾಜ್ಯ ಫಾರ್ಮಸಿ ಪರಿಷತ್ತನ್ನು ಸಂಪರ್ಕಿಸಿ, ಒಂದು ದಿನದ ಪುನಶ್ಚೇತನ ತರಬೇತಿಯನ್ನು ಇಲ್ಲಿಯೇ ನಡೆಸುವಂತೆ ಕೋರುವುದು. ಸಭಾಂಗಣ ಒದಗಿಸುವುದು ಸಂಘಗಳಿಗೆ ಕಷ್ಟವಲ್ಲ. ಯಂತ್ರ ನಡೆಸುವವರಿಗೆ ಮಂಪರು ತರುವ ಔಷಧಗಳು, ಪಾಳಿ ಮತ್ತು ಸಕ್ಕರೆ ಕಾಯಿಲೆ ಇವು ಆ ದಿನದ ವಿಷಯಗಳಾಗಬಹುದು. ಪ್ರತಿವರ್ಷ ನವೆಂಬರ್ ಮೂರನೆಯ ವಾರದಲ್ಲಿ ಆಚರಿಸುವ ರಾಷ್ಟ್ರೀಯ ಫಾರ್ಮಸಿ ಸಪ್ತಾಹ ಇದಕ್ಕೆ ತಕ್ಕ ಸಮಯ.

ಯಂತ್ರಕ್ಕೆ ಕಾಲಕಾಲಕ್ಕೆ ಎಣ್ಣೆ ಹಾಕದೆ ಉತ್ಪಾದನೆ ನಿರೀಕ್ಷಿಸುವ ಉದ್ಯಮಿ ಪೀಣ್ಯದಲ್ಲಿ ಒಬ್ಬನೂ ಸಿಗಲಾರನು. ಆ ಯಂತ್ರವನ್ನು ನಡೆಸುವವನ ಆರೋಗ್ಯಕ್ಕಾಗಿ ವರ್ಷಕ್ಕೆ ಲಕ್ಷಗಟ್ಟಲೆ ವಂತಿಗೆ ಕಟ್ಟುವವರು, ಔಷಧ ನೀಡುವವರ ಕಲಿಕೆಗೆ ಕೆಲವು ದಿನಗಳನ್ನು ಬಿಟ್ಟುಕೊಡುವಂತೆ ನೋಡಿಕೊಂಡರೆ ಆ ವಂತಿಗೆಯ ಸಂಪೂರ್ಣ ಪ್ರಯೋಜನ ಅವರದೇ ಕಾರ್ಖಾನೆಗೆ ಮರಳುತ್ತದೆ.