ಪ್ಲಗ್ಗು ಬಿಸಿಯಾದಾಗ

ನೀರು ಕಾಯಿಸುವ ವಿದ್ಯುತ್ ಸುರುಳಿಯ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕೀಳುವಾಗ ಕೈಗೆ ಬಿಸಿ ತಾಗಿದ್ದುಂಟೆ? ಅದರ ಕಾರಣವನ್ನರಿಯಲು ಒಂದು ಭಾಗಾಕಾರ, ಒಂದು ಗುಣಾಕಾರ ಸಾಕು.

ವಿದ್ಯುತ್ತಿನ ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ದೊರೆಯುವುದು ರೋಧ. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಸಾರವಿದು. ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ದೊರೆಯುವುದು ಶಕ್ತಿ ವ್ಯಯವಾಗುವ ದರ, ಅಂದರೆ ಸಾಮರ್ಥ್ಯ. ನಮ್ಮ ಮನೆಗಳಿಗೆ ಬರುವ ಒತ್ತಡ 230 ವೋಲ್ಟ್. ಸುರುಳಿಯಲ್ಲಿ 10 ಆಂಪಿಯರ್ ಹರಿದರೆ ಅದರ ರೋಧ 23 ಓಮ್, ಸಾಮರ್ಥ್ಯ 2300 ವಾಟ್. ಈ ಶಾಖವೆಲ್ಲ ನೀರಿಗೆ ಸೇರಬೇಕಾದದ್ದು.

ಆದರೆ ಪ್ಲಗ್ಗಿನೊಳಗಿನ ತಿರುಪು ಸಡಿಲಗೊಂಡು ಅಲ್ಲಿ ಅರ್ಧ ಓಮ್ ರೋಧ ಹುಟ್ಟಿತೆನ್ನಿ. ಸುರುಳಿಯ 23 ಓಮಿನ ಮುಂದೆ ಅದು ಅತ್ಯಲ್ಪ; ಪ್ರವಾಹ ಹೆಚ್ಚುಕಡಮೆ 10 ಆಂಪಿಯರ್ ಆಗಿಯೇ ಉಳಿಯುತ್ತದೆ. ಸಡಿಲವಾದ ಆ ಸಂದಿನಲ್ಲಿ ಕಳೆಯುವ ಒತ್ತಡ ಸುಮಾರು 5 ವೋಲ್ಟ್. ಶಾಖವಾಗುವ ಸಾಮರ್ಥ್ಯ ಸುಮಾರು 50 ವಾಟ್. ರೇಡಿಯೋ ದುರಸ್ತಿಯವರು ಬೆಸುಗೆ ಹಾಕುವ ಕಡ್ಡಿಗೆ 25 ವಾಟ್ ಸಾಕೆಂಬುದನ್ನು ನೆನೆದರೆ ಅಪಾಯದ ಅಳತೆ ತಿಳಿದೀತು.

ನೀರು ಎಂದಿನಂತೆಯೇ ಕಾಯುತ್ತದೆ. ದೋಷ ಕಣ್ಣಿಗೆ ಕಾಣದು. ಬಿಸಿಯಾದ ಪ್ಲಗ್ಗೊಂದೇ ಅದರ ಮುನ್ಸೂಚನೆ. ಅದು ಕರಕಾಗುವ ಮುನ್ನ ಬಲ್ಲವರಿಂದ ಸರಿಪಡಿಸಿಕೊಳ್ಳುವುದು ಲೇಸು.