ಮನೆಯಲ್ಲಿ ಮಗುವಿಗೆ ಕನ್ನಡ: ಯಾವ ಪುಸ್ತಕವನ್ನು ಕೊಳ್ಳಬೇಕು?

ದಾದರಿನ ಕಛೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ಮಿತ್ರರೊಬ್ಬರು ಮೇ ತಿಂಗಳಲ್ಲಿ ಊರಿಗೆ ಹೋಗಿ ಬಂದವರು, ನಮ್ಮಲ್ಲಿಗೆ ಬಂದು ಒಂದು ಸಂಗತಿಯನ್ನು ಹೇಳಿಕೊಂಡರು. ಕುಂದಾಪುರದ ಬಸ್ ನಿಲ್ದಾಣದಲ್ಲಿ ಅವರ ಏಳು ವರ್ಷದ ಮಗಳು ಬಸ್ಸಿನ ಫಲಕವನ್ನು ನೋಡಿ, “ಅಪ್ಪಯ್ಯ, ಇದು ಯಾವ ಭಾಷೆ?” ಎಂದು ಕೇಳಿದಳಂತೆ. ಹುಡುಗಿ ಮನೆಯಲ್ಲಿ ಆಡುವುದು ಕುಂದಾಪುರದ ಕನ್ನಡವನ್ನೇ. ತಾನಾಡುವ ಮಾತಿಗೆ ಹೀಗೊಂದು ಬರಹವಿದೆಯೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಮಿತ್ರರು ಅಲ್ಲಿಯೇ ಅಂಗಡಿಯೊಂದಕ್ಕೆ ಹೋಗಿ ಕೈಗೆ ಸಿಕ್ಕಿದ ನಾಲ್ಕು ಪುಸ್ತಕಗಳನ್ನು ಕೊಂಡು ತಂದರು. ಅವು ಈಗ ಕಪಾಟಿನ ಮೇಲಿವೆ. ಯಾವುದನ್ನು ಮೊದಲು ತೆರೆಯಬೇಕೆಂಬುದು ಅವರ ಪ್ರಶ್ನೆ.

ಪ್ರಶ್ನೆ ಅವರೊಬ್ಬರದಲ್ಲ. ಹಿಂದಿನ ತಲೆಮಾರಿನವರು ಹಗಲೆಲ್ಲ ಹೊಟೇಲಿನಲ್ಲಿ ದುಡಿದು ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಮಹಾನಗರಪಾಲಿಕೆಯು ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆಯಾದರೂ ಕನ್ನಡದ ತರಗತಿಗಳು ಕ್ಷೀಣಿಸುತ್ತಿವೆ. ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ೨೦೨೦ರ ಕಾಯಿದೆಯಂತೆ ಅಲ್ಲಿ ಮರಾಠಿಯೂ ಕಡ್ಡಾಯ. ಕನ್ನಡಕ್ಕೆ ಉಳಿದಿರುವುದು ಮನೆಯೊಂದೇ. ಆ ಮನೆಯಾದರೋ ಹತ್ತಡಿ ಅಗಲದ ಕೋಣೆ, ಯಜಮಾನರು ಮರಳುವುದು ರಾತ್ರಿ ಹನ್ನೊಂದಕ್ಕೆ.

ಕೊಳ್ಳುವ ವಿಷಯದಲ್ಲಿ ನಾವೂ ಮೋಸಹೋದವರೇ. ಹೊಟೇಲಿನ ಗಲ್ಲೆಯ ಮೇಲೆ ಕುಳಿತಿದ್ದ ದಿನಗಳಲ್ಲಿ ಬಣ್ಣಬಣ್ಣದ ದೊಡ್ಡ ಅಕ್ಷರಪಟವೊಂದನ್ನು ತರಿಸಿ ಮನೆಯ ಗೋಡೆಗೆ ಅಂಟಿಸಿದೆವು. ‘ಅ’ ಎಂದರೆ ಅಗಸ. ಮುಂಬಯಿಯಲ್ಲಿ ಹುಟ್ಟಿದ ಮಗನಿಗೆ ಅಗಸನೆಂದರೆ ಯಾರೆಂದು ತಿಳಿಯದು. ಅವನು ಕಂಡವನು ಧೋಬಿ. ‘ಠ’ಕ್ಕೆ ಠಸ್ಸೆ ಎಂದಿತ್ತು, ಅದನ್ನು ವಿವರಿಸಲು ನಮಗೇ ಹತ್ತು ನಿಮಿಷ ಬೇಕಾಯಿತು. ‘ಙ’, ‘ಞ’ಗಳಿಗೆ ಬಂದಾಗ ಪಾಠವೂ ನಿಂತಿತು, ಪಟವೂ ಮಳೆಗಾಲದ ತೇವಕ್ಕೆ ಕಳಚಿ ಬಿದ್ದಿತು. ನಲವತ್ತೊಂಬತ್ತು ಅಕ್ಷರಗಳನ್ನು ಸಾಲಾಗಿ ಬಾಯಿಪಾಠ ಮಾಡಿಸಿದರೆ ಓದು ಬರುತ್ತದೆಂಬುದು ನಮ್ಮ ಭ್ರಮೆಯಾಗಿತ್ತು.

ವಾಸ್ತವದಲ್ಲಿ ಇಲ್ಲಿಯ ಮಗುವಿಗೆ ಈ ಸಾಲು ಹೊಸದೇನೂ ಅಲ್ಲ. ಶಾಲೆಯ ಮರಾಠಿಯಲ್ಲಿ ಕ, ಖ, ಗ, ಘ ಎಂಬ ಕ್ರಮವನ್ನು ಅದು ಆಗಲೇ ಬಲ್ಲುದು. ಹಿಂದಿಯವರು ತೊದಲುವ ‘ಳ’ಕಾರವೂ ಮರಾಠಿಯಲ್ಲಿ ಉಂಟು. ಆದುದರಿಂದ ಪರಿಚಿತ ಧ್ವನಿಗೆ ಹೊಸ ಆಕಾರವನ್ನು ತೋರಿಸಿದರೆ ಅರ್ಧ ಕೆಲಸ ಮುಗಿಯಿತು. ತೊಡಕು ಬರುವುದು ಬೇರೆಡೆಯಲ್ಲಿ. ಮರಾಠಿಯಲ್ಲಿ ‘ಘರ’ ಎಂದು ಬರೆದು ‘ಘರ್’ ಎಂದು ಓದುತ್ತಾರೆ. ಆ ಅಭ್ಯಾಸದಿಂದ ನಮ್ಮ ಮಗು ‘ಮರ’ವನ್ನು ‘ಮರ್’ ಎನ್ನುತ್ತದೆ. ಹ್ರಸ್ವ ‘ಎ’, ‘ಒ’ಗಳಿಗೆ ದೇವನಾಗರಿಯ ಮರಾಠಿಯಲ್ಲಿ ಬೇರೆ ಅಕ್ಷರಗಳಿಲ್ಲ; ಆದುದರಿಂದ ಬೆಳೆಗೂ ಬೇಳೆಗೂ ಭೇದ ಕಾಣದು. ಸಾರಿಗೆ ಯಾವುದನ್ನು ಹಾಕಬೇಕೆಂದು ತಿಳಿಯಬೇಕಾದರೆ ಈ ಭೇದ ಅಗತ್ಯ! ಒತ್ತಕ್ಷರ ಕೆಳಗಿಳಿಯುವುದೂ, ‘ಕರ್ನಾಟಕ’ದಲ್ಲಿ ಮೊದಲು ಉಚ್ಚರಿಸಿದ ರಕಾರವು ‘ನಾ’ದ ನಂತರ ಬಂದು ಕೂರುವುದೂ ಮಗುವಿಗೆ ವಿಚಿತ್ರ. ಪುಸ್ತಕವನ್ನು ಕೈಗೆತ್ತಿಕೊಂಡಾಗ ಇವಿಷ್ಟನ್ನು ನೋಡಬೇಕು: ಮೊದಲ ಪುಟಗಳಲ್ಲಿ ಒತ್ತಿಲ್ಲದ ಸಣ್ಣ ಮಾತುಗಳಿವೆಯೆ? ಅಕ್ಷರ ದಪ್ಪವಾಗಿದೆಯೆ? ಒಂದೇ ಮಾತು ಮತ್ತೆ ಮತ್ತೆ ಬರುತ್ತದೆಯೆ? ಚಿತ್ರದ ಮೆರುಗು ಆಮೇಲಿನ ಮಾತು.

ಅಗ್ಗದಲ್ಲಿ, ಅಥವಾ ಬಿಟ್ಟಿಯಾಗಿಯೇ, ದೊರೆಯುವುದನ್ನು ಮೊದಲು ಹೇಳುತ್ತೇವೆ. ಪುಣೆಯ ಬಾಲಭಾರತಿ ಸಂಸ್ಥೆಯು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗಾಗಿ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆಂಬುದು ನಮ್ಮವರಲ್ಲಿ ಎಷ್ಟೋ ಮಂದಿಗೆ ತಿಳಿಯದು. ಈ ರಾಜ್ಯದ ಮಗುವಿಗೆಂದೇ ಬರೆದವು ಅವು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು ೨೦೧೫ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಸಚಿತ್ರ ಕತೆಗಳು ಉಚಿತವಾಗಿವೆ, ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದಾರೆ. ಒಂದನೆಯ ಮಟ್ಟದ ಎರಡು ಕತೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಹೊಲಿದುಕೊಟ್ಟರೆ ಮಗುವಿಗೆ ಸ್ವಂತ ಪುಸ್ತಕವಾಯಿತು. ದಾದರಿನ ಪುಸ್ತಕದಂಗಡಿಗಳಲ್ಲಿ ಮರಾಠಿಯ ಬಾಲಸಾಹಿತ್ಯ ಹೇರಳ; ಕನ್ನಡವನ್ನು ಅಲ್ಲಿ ಹುಡುಕಿ ಫಲವಿಲ್ಲ. ಊರಿನಿಂದ ಮತ್ಸ್ಯಗಂಧ ಹತ್ತುವವರೊಡನೆ ಉಪ್ಪಿನಕಾಯಿಯ ಜೊತೆಗೆ ಪುಸ್ತಕವನ್ನೂ ತರಿಸಬೇಕು.

ಹಾಡುಗಳಲ್ಲಿ ನಮ್ಮ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (೧೮೭೪–೧೯೩೭) ಸ್ವತಃ ಶಿಕ್ಷಕರು. ಅವರ ಶಿಶುಗೀತೆಗಳು ನಾಲಗೆಯ ಮೇಲೆ ತಾವಾಗಿ ನಿಲ್ಲುತ್ತವೆ. ಜಿ. ಪಿ. ರಾಜರತ್ನಂ ಅವರವೂ ಹಾಗೆಯೇ. ಫೋನಿನಲ್ಲಿ ಬರುವ ಹಾಡುಗಳಲ್ಲಿ ಇಂಗ್ಲಿಷಿನ ಪದ್ಯಕ್ಕೆ ಕನ್ನಡದ ಅಂಗಿ ತೊಡಿಸಿದವೇ ಬಹಳ. ಪ್ರಾಸವೂ ಇಲ್ಲ, ತಾಳವೂ ಇಲ್ಲ. ನಾವೆಲ್ಲ ಓದಿ ಬೆಳೆದ ‘ಚಂದಮಾಮ’ ೧೯೪೯ರಿಂದ ಕನ್ನಡದಲ್ಲಿ ಬರುತ್ತಿತ್ತು. ಮರಾಠಿಯಲ್ಲಿ ಅದೇ ‘ಚಾಂದೋಬಾ’. ಅದು ನಿಂತು ದಶಕ ಕಳೆಯಿತು. ಹಳೆಯ ಸಂಚಿಕೆ ಯಾರಲ್ಲಿಯಾದರೂ ಇದ್ದರೆ ರದ್ದಿಗೆ ಹಾಕದಿರಿ. ಆದರೆ ಅದು ಓದು ಬಲ್ಲ ಮಗುವಿಗೆ. ಕಾರಂತರ ‘ಬಾಲಪ್ರಪಂಚ’ವಂತೂ ಇನ್ನೂ ದೊಡ್ಡವರಿಗೆ.

ತುಳು ಮನೆಮಾತಿನ ಬಂಧುಗಳು ಒಂದು ಸಂದೇಹವನ್ನು ಕೇಳುವುದುಂಟು: ಕನ್ನಡ ಕಲಿಸಲು ಮನೆಯಲ್ಲಿ ತುಳುವನ್ನು ಬಿಡಬೇಕೆ? ಖಂಡಿತ ಬೇಡ. ತುಳುವಿನಲ್ಲಿ ಆಡಿ, ಕನ್ನಡದಲ್ಲಿ ಓದಿ ಬೆಳೆದವರೇ ನಾವೆಲ್ಲರೂ. ಚಿತ್ರವನ್ನು ತುಳುವಿನಲ್ಲಿಯೇ ವಿವರಿಸಿ, ವಾಕ್ಯವನ್ನು ಕನ್ನಡದಲ್ಲಿ ಓದಿದರಾಯಿತು. ಪ್ರತಿದಿನ ಅರ್ಧ ಗಂಟೆಯೆಂದು ನಿಶ್ಚಯಿಸಿ ಮೂರನೆಯ ದಿನ ಕೈಬಿಡುವುದಕ್ಕಿಂತ, ತಾಯಿ ಅಡುಗೆಮನೆಯಲ್ಲಿ ಐದು ನಿಮಿಷ, ತಂದೆ ವಾರದ ರಜೆಯ ದಿನ ಒಂದು ಕತೆ, ಇಷ್ಟಾದರೆ ಸಾಕು.

ಮಿತ್ರರ ನಾಲ್ಕು ಪುಸ್ತಕಗಳನ್ನು ತರಿಸಿ ನೋಡಿದೆವು. ಎರಡು ವ್ಯಾಕರಣದವು, ಅವನ್ನು ಮತ್ತೆ ಕಪಾಟಿಗೇ ಏರಿಸಿದೆವು. ಒಂದು ಕಾಪಿ ಪುಸ್ತಕ. ಅದೂ ಸದ್ಯಕ್ಕೆ ಬೇಡವೆಂದೆವು. ನಾಲ್ಕನೆಯದು ಹದಿನಾರು ಪುಟದ ತೆಳುವಾದ ಕತೆ, ಬೆಕ್ಕಿನದು. ಅದನ್ನು ಮಗಳು ಮೂರು ವಾರಗಳಲ್ಲಿ ಓದಿ ಮುಗಿಸಿದಳಂತೆ. ಕಳೆದ ರವಿವಾರ ಅವರ ಮನೆಗೆ ಹೋಗಿದ್ದಾಗ ತಾಯಿ ಡಬ್ಬಿಯ ಮೇಲೆ ಬರೆದು ಅಂಟಿಸಿದ ಚೀಟಿಯನ್ನು ಹುಡುಗಿ ನಮಗೆ ಓದಿ ತೋರಿಸಿದಳು. ರವೆ ಸರಿಯಾಯಿತು, ಬೇಳೆಯೂ ಸರಿಯಾಯಿತು. ಉದ್ದು ಮಾತ್ರ ‘ಉದು’ ಆಯಿತು. ಒತ್ತಿನ ಪಾಠ ಇನ್ನೂ ಬಂದಿಲ್ಲವೆಂದು ತಾಯಿ ಒಳಗಿನಿಂದಲೇ ಹೇಳಿದರು.