ಹೊಸ ಫೋಟೋದೊಳಗೂ ಹಳೇ ಕೊಸೈನ್

ಕುಷ್ಟಗಿಯ ಓದುಗರೊಬ್ಬರ ಪ್ರಶ್ನೆ: ‘ಮಗನ ಐಫೋನಿನ್ಯಾಗ ತೆಗೆದ ಫೋಟೋ ಅರ್ಜಿಗೆ ಅಪ್‌ಲೋಡ್ ಆಗವಲ್ದು. ಆನ್‌ಲೈನ್ ಸೆಂಟರಿನವ್ರು ಜೆಪಿಜಿನೇ ತರ್ರಿ ಅಂತಾರ. ಹಂಗಾದ್ರ ಹೊಸಾದು ಯಾಕ ಬಂತು?’

ಐಫೋನು 2017ರಿಂದ ಚಿತ್ರಗಳನ್ನು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತಿದೆ. ಅರ್ಜಿಯ ಜಾಲತಾಣಗಳು ಹೆಚ್ಚಾಗಿ 1992ರ ಜೆಪೆಗ್ (ಜೆಪಿಜಿ) ಬಿಟ್ಟು ಕದಲಿಲ್ಲ. ಹಾಗೆಂದು ಹಳೆಯದನ್ನು ಹಳಿಯಬೇಡಿ. ಎರಡರ ಹೊಟ್ಟೆಯಲ್ಲೂ ಇರುವುದು ಬೆಂಗಳೂರಿಗರೊಬ್ಬರ ಲೆಕ್ಕ.

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದರು. ಚಿತ್ರದ ಮಾಹಿತಿಯನ್ನು ಕೊಸೈನ್ ಅಲೆಗಳಾಗಿ ಬಿಡಿಸುವ ಯೋಚನೆ ಹೊತ್ತು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಅನುದಾನ ಕೇಳಿದರು. ಸಿಗಲಿಲ್ಲ. ಅವರು ಬಿಡಲೂ ಇಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಜತೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. ನಾಲ್ಕೇ ಪುಟ! ಇಂದು ನಮ್ಮ ಮೊಬೈಲುಗಳಲ್ಲಿ ಹರಿದಾಡುವ ಫೋಟೋ, ವಿಡಿಯೋಗಳ ಬಹುಪಾಲು ಆ ನಾಲ್ಕು ಪುಟದ ಋಣದಲ್ಲಿವೆ.

ಜೆಪೆಗ್ ಚಿತ್ರವನ್ನು ಎಂಟಕ್ಕೆಂಟು ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತದೆ. ಚೌಕದ 64 ಅಂಕಿಗಳ ಮೇಲೆ ಅಹ್ಮದರ ಲೆಕ್ಕ ಗಂಗಾವತಿಯ ರೈಸ್‌ಮಿಲ್ಲಿನ ಹಾಗೆ ಕೆಲಸ ಮಾಡುತ್ತದೆ: ಇಡಿ ಅಕ್ಕಿ ಒಂದು ಕಡೆ, ನುಚ್ಚು ಒಂದು ಕಡೆ, ತೌಡು ಇನ್ನೊಂದು ಕಡೆ. ಅಲ್ಲಿಯವರೆಗೆ ಏನೂ ಕಳೆದಿರುವುದಿಲ್ಲ, ಬೇರೆಯಾಗಿರುತ್ತದೆ ಅಷ್ಟೆ. ತೌಡು ಚೆಲ್ಲುವುದು ಮುಂದಿನ ಹಂತ. ಫೈಲು ಹಗುರಾಗುವುದೂ ಚಿತ್ರ ಕೆಡುವುದೂ ಅಲ್ಲೇ.

ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಫೋಟೋ ತೆಗೆಯಿರಿ. ಶಿಖರದ ಹಿಂದಿನ ಬರಿ ಆಕಾಶದ ಚೌಕಕ್ಕೆ ಒಂದೆರಡು ಅಂಕಿ ಸಾಕು, ಕುಸುರಿ ಕೆತ್ತನೆಗೆ ಹತ್ತಾರು ಬೇಕು. ಜೆಪೆಗ್‌ಗೆ ಎರಡೂ ಕಡೆ ಒಂದೇ ಅಳತೆಯ ಚೌಕ. ಫೈಲನ್ನು ಅತಿಯಾಗಿ ಹಿಂಡಿದರೆ ಶಿಖರದ ಅಂಚಿನಲ್ಲಿ ಕೊಳೆ ಮೆತ್ತಿದಂತೆ ಕಾಣುತ್ತದೆ. ಎಚ್‌ಇಐಸಿ ಆಕಾಶಕ್ಕೆ 32ಕ್ಕೆ 32ರ ದೊಡ್ಡ ಚೌಕ, ಕೆತ್ತನೆಗೆ ಸಣ್ಣ ಚೌಕ ಆರಿಸಿಕೊಳ್ಳುತ್ತದೆ. ಜತೆಗೆ ಅಕ್ಕಪಕ್ಕದ ಚುಕ್ಕಿ ನೋಡಿ, 35 ಬಗೆಗಳಲ್ಲಿ ಒಂದನ್ನು ಹಿಡಿದು, ಈ ಚೌಕ ಹೀಗಿದ್ದೀತು ಎಂದು ಊಹಿಸುತ್ತದೆ. ಊಹೆ ತಪ್ಪಿದಷ್ಟಕ್ಕೆ ಮಾತ್ರ ಕೊಸೈನ್ ಲೆಕ್ಕ. ಜಾಗ ಸುಮಾರು ಅರ್ಧ ಉಳಿಯುತ್ತದೆ.

ಇದು ನಿಜವಾದ ಜಾಣ್ಮೆ, ಒಪ್ಪಿದೆ. ಆದರೆ ಅದರ ಹಿಂದಿನ ಎಚ್‌ಇವಿಸಿ ತಂತ್ರಕ್ಕೆ ಪೇಟೆಂಟು ಶುಲ್ಕದ ಕಗ್ಗಂಟಿದೆ. ಎಷ್ಟೋ ಬ್ರೌಸರುಗಳು ಅದನ್ನು ತೆರೆಯುವುದೇ ಇಲ್ಲ. 50 ಕೆಬಿಯ ಪಾಸ್‌ಪೋರ್ಟ್ ಫೋಟೋಗಂತೂ ಜೆಪೆಗ್ ಧಾರಾಳ ಸಾಕು.

ಫೈಲಿನ ಹೆಸರಿನ ಕೊನೆಗೆ ಜೆಪಿಜಿ ಎಂದು ತಿದ್ದಿದರೆ ಒಳಗಿನದು ಬದಲಾಗದು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಒತ್ತಿ, ಫೋಟೋ ಹೊಸದಾಗಿ ತೆಗೆಯಿರಿ.